ಗುಂಡಿಗೆ ಬಿದ್ದರೆ ಮಾತ್ರ ಓಡುವ ವೈಪರ್

ಕಣಕುಂಬಿಗೆ ಇನ್ನೂ ಎರಡು-ಮೂರು ಕಿಲೋಮೀಟರ್ ಇತ್ತು. ಜುಲೈ ತಿಂಗಳು, ಮಧ್ಯಾಹ್ನ ಮೂರು ಗಂಟೆ, ಆದರೆ ಹೆಡ್‌ಲೈಟ್ ಹಾಕಿಕೊಂಡೇ ಓಡಿಸುತ್ತಿದ್ದೆ. ಮಲಪ್ರಭೆ ಹುಟ್ಟುವ ಊರು ಅಲ್ವಾ, ಅಲ್ಲಿ ಮಳೆ ಹನಿ ಹನಿಯಾಗಿ ಬೀಳುವುದಿಲ್ಲ, ಸುರಿಯುತ್ತದೆ. ವೈಪರ್ ಮೊದಲು ಸ್ವಲ್ಪ ಸುಸ್ತಾದಂತೆ ಕಂಡಿತು. ಮೇಲೆ ಹೋಗುವಾಗ ನಿಧಾನ, ಇಳಿಯುವಾಗ ಇನ್ನೂ ನಿಧಾನ. ಆಮೇಲೆ ಸರಿಯಾಗಿ ನನ್ನ ಕಣ್ಣೆದುರು, ಗಾಜಿನ ನಟ್ಟನಡುವೆ ನಿಂತುಬಿಟ್ಟಿತು.

ಎದುರಿಗೆ ಗೋವಾ ಕಡೆಯಿಂದ ಬರುವ ಲಾರಿ. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಗಳು, ಅವಳ ತೊಡೆ ಮೇಲೆ ಪಣಜಿಯ ನೆಂಟರಿಗೆ ಅಂತ ತಗೊಂಡಿದ್ದ ಎರಡು ಕಿಲೋ ಕುಂದಾ. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಹಜಾರ್ಡ್ ಲೈಟ್ ಒತ್ತಿ, ಹೇಗೋ ಎಡಕ್ಕೆ ತೆಗೆದುಕೊಂಡೆ. ಅಷ್ಟರಲ್ಲಿ ಮುಂದಿನ ಎಡ ಚಕ್ರ ಒಂದು ಗುಂಡಿಗೆ ಧಡ್ ಅಂತ ಬಿತ್ತು. ವೈಪರ್ ಓಡತೊಡಗಿತು.

ಮಗಳು ಹಿಂದಿನಿಂದ ಹೇಳಿದಳು: "ಅಪ್ಪಾ, ಇನ್ನೊಂದು ಗುಂಡಿ ಹುಡುಕು."

ಚೋರ್ಲಾ ಘಾಟ್ ಇಳಿಯುವ ಧೈರ್ಯ ಬರಲಿಲ್ಲ. ಮಳೆ ಕಡಿಮೆಯಾಗುವ ತನಕ ಕಾದು ಜಾಂಬೋಟಿ ದಾರಿಯಲ್ಲೇ ವಾಪಸ್ ಬೆಳಗಾವಿಗೆ ಬಂದೆವು. ಕುಂದಾ ನಾವೇ ತಿಂದೆವು.

ಇದನ್ನು ಇಷ್ಟು ವಿವರವಾಗಿ ಬರೆಯೋಕೆ ಕಾರಣ ಇದೆ. ಆ ದಿನಕ್ಕೆ ಮೊದಲು ಇದೇ ವೈಪರ್‌ಗೆ ಮೂರು ಸಲ ರಿಪೇರಿ ಆಗಿತ್ತು, ನಾಲ್ಕೂವರೆ ಸಾವಿರಕ್ಕಿಂತ ಜಾಸ್ತಿ ಖರ್ಚಾಗಿತ್ತು. ಮೂರೂ ಸಲ "ಸರಿಹೋಯ್ತು" ಅಂತ ಖುಷಿಪಟ್ಟಿದ್ದೆ.

ಕಾರು ಮತ್ತು ಅದರ ಚರಿತ್ರೆ

ಹನ್ನೊಂದು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. 78 ಸಾವಿರ ಕಿಲೋಮೀಟರ್ ಓಡಿದೆ. ಇಂಜಿನ್ ಬಗ್ಗೆ ಒಂದು ದೂರೂ ಇಲ್ಲ. ಟಿಳಕವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಕಾರ್ ನಿಲ್ಲಿಸೋಕೆ ಶೆಡ್ ಇಲ್ಲ, ಗುಲ್‌ಮೊಹರ್ ಗಿಡ ಇದೆ. ಬೇಸಿಗೆಯಲ್ಲಿ ನೆರಳು ಚೆನ್ನಾಗಿರುತ್ತದೆ ಅಂತ ಐದು ವರ್ಷದಿಂದ ಅದರ ಕೆಳಗೇ ನಿಲ್ಲಿಸುತ್ತೇನೆ. ಈ ಗಿಡದ ವಿಷಯ ನೆನಪಿಟ್ಟುಕೊಳ್ಳಿ.

ಜೂನ್ ಎರಡನೇ ವಾರ, ಮೊದಲ ದೊಡ್ಡ ಮಳೆಯಲ್ಲೇ ವೈಪರ್ ಒಮ್ಮೆ ನಿಂತು ತಾನೇ ಶುರುವಾಯಿತು. ಮನೆ ಹತ್ತಿರದ ಗ್ಯಾರೇಜಿನ ಹುಡುಗ ಫ್ಯೂಸ್ ಬದಲಿಸಿದ. ಹಳೆಯ ಫ್ಯೂಸ್ ಸುಟ್ಟಿರಲಿಲ್ಲ. "ಇರಲಿ ಬಿಡ್ರಿ, ಹೊಸಾದು ಹಾಕಿದ್ರ ಒಳ್ಳೇದು" ಅಂದ. ಸುಟ್ಟ ಫ್ಯೂಸ್ ತಾನೇ ಮತ್ತೆ ಕೂಡಿಕೊಳ್ಳುವುದಿಲ್ಲ, ಇದು ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾಲ್ಕು ದಿನ ಚೆನ್ನಾಗಿತ್ತು.

ಎರಡನೇ ಸಲ ಬೇರೆ ಗ್ಯಾರೇಜ್. "ಮೋಟರ್ ವೀಕ್ ಆಗೈತಿ" ಅಂತ ಮೋಟರ್ ಬದಲಿಸಿದರು. 2,600 ರೂಪಾಯಿ. ಕಂಪನಿ ಮಾಲ್ ಅಲ್ಲ, ಆದರೂ ಕೆಲಸ ಮಾಡುವಂಥದ್ದು. ಹಳೆಯ ಮೋಟರನ್ನು ಪ್ರಾಮಾಣಿಕವಾಗಿ ಡಬ್ಬಿಗೆ ಹಾಕಿ ವಾಪಸ್ ಕೊಟ್ಟರು. ಒಂಬತ್ತು ದಿನ ಚೆನ್ನಾಗಿತ್ತು. ಮತ್ತೆ ನಿಂತಾಗ ಅವರೇ "ಹಂಗಾರ ಸ್ವಿಚ್ಚೇ ಇರಬೇಕ್ರಿ" ಅಂತ ಸ್ಟೇರಿಂಗ್ ಪಕ್ಕದ ಸ್ವಿಚ್ ಕಡ್ಡಿ ಬದಲಿಸಿದರು. 1,850 ರೂಪಾಯಿ. ಅದಾದ ಆರನೇ ದಿನ ಕಣಕುಂಬಿ.

ಗ್ಯಾರೇಜಿನವರನ್ನು ಬೈಯುವ ಮನಸ್ಸು ನನಗಿಲ್ಲ. ಗಾಡಿ ಅವರ ಹತ್ತಿರ ಹೋದಾಗೆಲ್ಲ ವೈಪರ್ ಸುಸೂತ್ರ ಓಡುತ್ತಿತ್ತು. ಓಡುತ್ತಿರುವ ವೈಪರ್‌ನಲ್ಲಿ ದೋಷ ಹುಡುಕು ಅಂದರೆ ಯಾರಾದರೂ ಊಹೆಯೇ ಮಾಡಬೇಕು. ಬಾಗಲಕೋಟೆ ನವನಗರದಲ್ಲಿರುವ ನನ್ನ ಭಾಮೈದ ಫೋನಿನಲ್ಲಿ ಇನ್ನೂ ಸುಲಭದ ಪರಿಹಾರ ಹೇಳಿದ: "ಮಾವ, ಗಾಡಿ ನಮ್ಮೂರಿಗೆ ತಂದು ಬಿಡ್ರಿ. ನಮ್ಮಲ್ಲಿ ವೈಪರ್ ಬೇಕಾಗೋದು ಧೂಳ ಒರಸಾಕ ಅಷ್ಟ."

ಆಫ್ ಮಾಡಿದಾಗ ಏನಾಯಿತು?

ನಾನು ಉದ್ಯಮಬಾಗದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಷನ್ ಮಾಡುವವನು. ದಿನವಿಡೀ ಮೈಕ್ರೋಮೀಟರ್ ಹಿಡಿದು "ಅಳೆಯದೆ ಮಾತಾಡಬೇಡಿ" ಅಂತ ಹುಡುಗರಿಗೆ ಹೇಳುವವನು. ನನ್ನ ಗಾಡಿಯ ವಿಷಯಕ್ಕೆ ಬಂದಾಗ ಒಂದೂ ಅಳತೆ ತೆಗೆಯದೆ ಎರಡು ಪಾರ್ಟ್ ಬದಲಿಸಲು ಒಪ್ಪಿದ್ದೆ. ನಾಚಿಕೆಯಾಯಿತು. ಆ ಭಾನುವಾರ ಒಂದು ನೋಟ್‌ಬುಕ್ ತೆಗೆದುಕೊಂಡು ಕುಳಿತೆ.

ಮೊದಲು ಬರೆದದ್ದು ಕಣಕುಂಬಿಯಲ್ಲಿ ಕಂಡದ್ದನ್ನೇ. ಅಲ್ಲಿ ವೈಪರ್ ನಿಂತ ಕೂಡಲೇ ಗಾಬರಿಯಲ್ಲಿ ನಾನು ಸ್ವಿಚ್ ಕಡ್ಡಿಯನ್ನು ಮೇಲೆ ಕೆಳಗೆ ಎಲ್ಲ ಕಡೆ ತಿರುಗಿಸಿದ್ದೆ. ಲೋ, ಹೈ, ಆಫ್. ಯಾವುದಕ್ಕೂ ಬ್ಲೇಡ್ ಅಲ್ಲಾಡಿರಲಿಲ್ಲ. ಇದರಲ್ಲಿ ದೊಡ್ಡ ಸುಳಿವು ಇತ್ತು.

ವೈಪರ್ ಆಫ್ ಮಾಡಿದರೂ ಬ್ಲೇಡ್ ನಡುವೆ ನಿಲ್ಲುವುದಿಲ್ಲ, ತಾನೇ ಕೆಳಗೆ ಹೋಗಿ ಮಲಗುತ್ತದೆ, ಗಮನಿಸಿದ್ದೀರಲ್ಲ? ಮೋಟರಿನ ಗೇರ್ ಡಬ್ಬಿಯೊಳಗೆ ಒಂದು ಪಾರ್ಕ್ ಸ್ವಿಚ್ ಇರುತ್ತದೆ. ನೀವು ಆಫ್ ಮಾಡಿದ ಮೇಲೂ ಬ್ಲೇಡ್ ತನ್ನ ಜಾಗಕ್ಕೆ ಸೇರುವ ತನಕ ಅದು ಬೇರೆ ದಾರಿಯಿಂದ ಮೋಟರಿಗೆ ಕರೆಂಟ್ ಕೊಡುತ್ತದೆ. ಲೋ ಸ್ಪೀಡಿನ ಕಾಂಟ್ಯಾಕ್ಟ್ ಮಾತ್ರ ಸವೆದಿದ್ದರೆ, ಆಫ್ ಮಾಡಿದ ಕೂಡಲೇ ಬ್ಲೇಡ್ ಮೆಲ್ಲಗೆ ಮನೆಗೆ ಹೋಗಬೇಕು, ಅಥವಾ ಹೈ ಹಾಕಿದರೆ ಓಡಬೇಕು. ಹೈ ಸ್ಪೀಡಿಗೆ ಮೋಟರಿನಲ್ಲಿ ಬೇರೆಯದೇ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಇರುತ್ತದೆ. ಮೂರೂ ದಾರಿ ಒಟ್ಟಿಗೆ ಸತ್ತಿವೆ ಅಂದರೆ ದೋಷ ಮೂರಕ್ಕೂ ಸೇರಿದ ಜಾಗದಲ್ಲಿ ಇರಬೇಕು: ಫ್ಯೂಸಿನಿಂದ ಬರುವ ಪ್ಲಸ್ ವೈರ್, ಮೋಟರಿನಿಂದ ಗಾಡಿಯ ತಗಡಿಗೆ ಹೋಗುವ ಅರ್ಥ್ ವೈರ್, ಮೋಟರಿನಲ್ಲಿ ಎರಡೂ ಸ್ಪೀಡಿಗೆ ಸೇರಿದ ಬ್ರಶ್, ಇಲ್ಲವೇ ಲಿಂಕೇಜ್, ಅಂದರೆ ಮೋಟರನ್ನು ವೈಪರ್‌ಗೆ ಜೋಡಿಸುವ ಸರಳುಗಳು, ಬಿಗಿದು ಹಿಡಿದಿರಬೇಕು. ಮೋಟರ್ ಹೊಸದು, ಅದರ ಬ್ರಶ್ ಸವೆಯುವ ಪ್ರಶ್ನೆಯಿಲ್ಲ. ಬ್ಲೇಡ್ ಹಿಡಿದಿರುವ ಆರ್ಮಿನ ನಟ್ ಸಡಿಲ ಅನ್ನೋಣವೆಂದರೆ, ಆಗ ಮೋಟರ್ ಗುಂಯ್ ಅನ್ನುತ್ತಿರಬೇಕು, ಆರ್ಮ್ ಮಾತ್ರ ನಿಂತಿರಬೇಕು. ಇಲ್ಲಿ ಸದ್ದೂ ಇಲ್ಲ.

ಇಷ್ಟು ಯೋಚನೆಗೆ ಒಂದು ಕಪ್ ಚಹಾ ಸಾಕಾಯಿತು. ಸ್ವಿಚ್‌ಗೆ 1,850 ಕೊಡುವ ಮೊದಲೇ ಆ ಚಹಾ ಕುಡಿಯಬೇಕಿತ್ತು.

ನಾನು ಮಾಡಿದ ಎರಡು ತಪ್ಪು

ಒಣ ಗಾಜಿನ ಮೇಲೆ ವೈಪರ್ ಓಡಿಸಿದರೆ ಗಾಜಿಗೆ ಗೀರು ಬೀಳುತ್ತದೆ, ರಬ್ಬರ್ ಹಾಳಾಗುತ್ತದೆ. ಅದಕ್ಕೆ ಜಾಣತನ ತೋರಿಸಿ ಎರಡೂ ಆರ್ಮ್ ಎತ್ತಿ ಗಾಳಿಯಲ್ಲಿ ನಿಲ್ಲಿಸಿ ವೈಪರ್ ಹಾಕಿದೆ. ನಲವತ್ತು ನಿಮಿಷ ನೋಡುತ್ತ ಕುಳಿತೆ. ಒಮ್ಮೆಯೂ ನಿಲ್ಲಲಿಲ್ಲ. ಓಣಿಯಲ್ಲಿ ಹೋಗುವವರು ನಿಂತು ನೋಡಿ ಹೋದರು, ಅಷ್ಟೇ. ಗಾಜನ್ನು ಮುಟ್ಟದ ಬ್ಲೇಡಿಗೆ ಭಾರವೇ ಇಲ್ಲ. ಭಾರ ಇಲ್ಲದ ಮೋಟರ್ ಕರೆಂಟ್ ಎಳೆಯುವುದು ಬಹಳ ಕಡಿಮೆ. ಕರೆಂಟ್ ಇಲ್ಲದೆ ಈ ದೋಷ ಕಾಣುವುದಿಲ್ಲ. ಆಗ ಅದು ಗೊತ್ತಿರಲಿಲ್ಲ, "ರೋಗಿ ಡಾಕ್ಟರ್ ಮುಂದೆ ಆರೋಗ್ಯವಾಗಿದ್ದಾನೆ" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಎರಡನೇ ತಪ್ಪು ಇನ್ನೂ ಸೂಕ್ಷ್ಮ. ಮೋಟರಿನ ಕನೆಕ್ಟರ್ ಬಿಚ್ಚಿ, ವೈರ್ ಕಡೆಯ ಪ್ಲಸ್ ಮತ್ತು ಅರ್ಥ್ ಪಿನ್ನುಗಳ ಮಧ್ಯೆ ಮಲ್ಟಿಮೀಟರ್ ಇಟ್ಟೆ. 12.4 ವೋಲ್ಟ್. ಬ್ಯಾಟರಿಯಲ್ಲಿ ಎಷ್ಟೋ ಅಷ್ಟೇ. ಕನೆಕ್ಟರ್ ಹಾಕಿದರೆ ವೈಪರ್ ಓಡುತ್ತದೆ. "ವೈರಿಂಗ್ ಸರಿ ಇದೆ" ಅಂತ ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆಯಿಂದಾಗಿ ಒಂದು ವಾರ ಹಾಳಾಯಿತು.

ಡಿಜಿಟಲ್ ಮೀಟರ್ ಅಳೆಯುವಾಗ ಹೆಚ್ಚುಕಡಿಮೆ ಏನೂ ಕರೆಂಟ್ ಎಳೆಯುವುದಿಲ್ಲ. ವೈರಿನಲ್ಲಿ ಇಪ್ಪತ್ತು ಎಳೆ ಇದ್ದು ಹತ್ತೊಂಬತ್ತು ಕೊಳೆತಿದ್ದರೂ ಉಳಿದ ಒಂದೆಳೆಯಿಂದ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ನಮ್ಮ ಓಣಿಯ ಹಳೇ ಕಬ್ಬಿಣದ ಪೈಪಿನ ಹಾಗೆ. ಒಳಗೆಲ್ಲ ತುಕ್ಕು ಕಟ್ಟಿದೆ. ನಲ್ಲಿ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಜೋರಾಗಿಯೇ ತಳ್ಳುತ್ತದೆ. ಬೆರಳು ತೆಗೆದು ಕೊಡ ಇಟ್ಟರೆ ದಾರದಂಥ ಧಾರೆ.

ಮಿಸ್ತ್ರಿಯ ಬಲ್ಬ್

ಶಹಾಪುರದ ಕಡೆ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಮಿಸ್ತ್ರಿ ಅಂತಲೇ ಕರೆಯುವುದು. ಅರ್ಧ ಕನ್ನಡ, ಅರ್ಧ ಮರಾಠಿ. ಟ್ರ್ಯಾಕ್ಟರ್ ಡೈನಮೋ, ಕಬ್ಬಿನ ಲಾರಿಯ ವೈರಿಂಗ್ ಅವರ ಕೆಲಸ, ಕಾರ್ ಮುಟ್ಟುವುದು ಕಡಿಮೆ. ನಮ್ಮ ಶಾಪ್‌ನ ಮೆಂಟೇನೆನ್ಸ್‌ನವರು ಅವರ ಹೆಸರು ಹೇಳಿದ್ದರು. ಹೋಗಿ ಕಥೆಯೆಲ್ಲ ಹೇಳಿದೆ. 12.4 ವೋಲ್ಟ್ ಬಂತು ಅಂದಾಗ ನಕ್ಕರು.

"ಮೋಟರ್ ಬಿಚ್ಚಿ ಅಳದ್ರೆನು?"

"ಹೌದ್ರಿ."

"ಕೂತ ಎತ್ತಿನ ಕೊಳ್ಳಾಗ ನೊಗ ಇಟ್ಟು, ಗಟ್ಟಿ ಐತಿ ಅಂದ್ರ ಹೆಂಗ? ಹೂಡಿ ನೋಡ್ಬೇಕು."

ಡ್ರಾವರಿನಿಂದ ಒಂದು ಹಳೇ ಹೆಡ್‌ಲೈಟ್ ಬಲ್ಬ್ ತೆಗೆದರು. ಡಿಮ್ ಫಿಲಮೆಂಟ್ ಸುಟ್ಟು ಹೈಬೀಮ್ ಮಾತ್ರ ಉಳಿದದ್ದು, 60 ವ್ಯಾಟ್. ಎರಡು ದಪ್ಪ ವೈರ್ ಬೆಸೆದು ತುದಿಗೆ ಮೊಸಳೆ ಕ್ಲಿಪ್ ಹಾಕಿದ್ದರು. 12 ವೋಲ್ಟಿಗೆ 5 ಆಂಪಿಯರ್ ಎಳೆಯುತ್ತದೆ. ವೈಪರ್ ಮೋಟರ್ ಒದ್ದೆ ಗಾಜಿನ ಮೇಲೆ ಎಳೆಯುವುದೂ ಸುಮಾರು ಅಷ್ಟೇ. ಅಂದರೆ ಮೋಟರಿನ ಬದಲು ಈ ಬಲ್ಬ್ ಹೂಡಿದ ಹಾಗೆ.

ಮೊದಲು ಮೋಟರ್ ಕನೆಕ್ಟರಿನ ಪ್ಲಸ್ ಪಿನ್ನಿನಿಂದ ಬಲ್ಬ್ ಮೂಲಕ ನೇರ ಬ್ಯಾಟರಿಯ ಮೈನಸ್‌ಗೆ ಹಿಡಿದರು. ಬಲ್ಬ್ ಬೆಳ್ಳಗೆ ಉರಿಯಿತು, ನೋಡೋಕೆ ಆಗದಷ್ಟು. ಆಮೇಲೆ ತಿರುಗಿಸಿ, ಬ್ಯಾಟರಿ ಪ್ಲಸ್‌ನಿಂದ ಬಲ್ಬ್ ಮೂಲಕ ಕನೆಕ್ಟರಿನ ಅರ್ಥ್ ಪಿನ್ನಿಗೆ. ಈ ಸಲ ಬಣ್ಣ ಬೇರೆ. ಹಳದಿ. ಮಿಸ್ತ್ರಿ ಇನ್ನೊಂದು ಕೈಯಿಂದ ಕಪ್ಪು ವೈರನ್ನು ಮೆಲ್ಲಗೆ ಅಲ್ಲಾಡಿಸಿದರು. ಹಳದಿ ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು, ಆರಿತು. ಬಿಟ್ಟರು. ಮತ್ತೆ ಹಳದಿ.

"ಅರ್ಥಿಂಗ್," ಅಂದರು. ಮೂವತ್ತು ಸೆಕೆಂಡ್ ಹಿಡಿಯಲಿಲ್ಲ.

ಅಲ್ಲೇ ಬಿಚ್ಚಿ ಸರಿಮಾಡಿಸಬಹುದಿತ್ತು. ಆದರೆ ನನಗೆ ನಿಲ್ಲುವ ಕ್ಷಣವನ್ನೇ ಮೀಟರಿನಲ್ಲಿ ಹಿಡಿಯಬೇಕು ಅನ್ನುವ ಹಠ ಬಂದಿತ್ತು. ಮಿಸ್ತ್ರಿ ನನ್ನನ್ನು ವಿಚಿತ್ರವಾಗಿ ನೋಡಿ, ಬಲ್ಬ್ ನೋಡಿದ್ದಕ್ಕೆ ದುಡ್ಡು ಬೇಡ ಅಂದರು.

ನಿಲ್ಲುವ ಕ್ಷಣ

ಮುಂದಿನ ಭಾನುವಾರ. ಮಗಳ ಕೈಗೆ ಗಿಡಕ್ಕೆ ನೀರು ಹಾಕುವ ಪೈಪ್ ಕೊಟ್ಟೆ. ಕೆಲಸ: ಗಾಜಿನ ಮೇಲೆ ಸತತ ಮಳೆ ಸುರಿಸುವುದು. ಒಂಬತ್ತನೇ ಕ್ಲಾಸಿನ ಹುಡುಗಿಗೆ ಇದಕ್ಕಿಂತ ಒಳ್ಳೇ ಪ್ರಾಕ್ಟಿಕಲ್ ಯಾರು ಕೊಡುತ್ತಾರೆ. ಇಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ಯಾಟರಿಯಲ್ಲಿ ನೋಡಿದರೆ 14.1 ವೋಲ್ಟ್. ಆಲ್ಟರ್ನೇಟರ್ ಸರಿಯಾಗಿದೆ.

ಈ ಸಲ ಕನೆಕ್ಟರ್ ಬಿಚ್ಚಲಿಲ್ಲ. ಮೀಟರಿನ ಕಪ್ಪು ತುದಿ ಬ್ಯಾಟರಿ ಮೈನಸ್ ಮೇಲೆ. ಕೆಂಪು ತುದಿಗೆ ಒಂದು ಗುಂಡುಪಿನ್ ಸಿಕ್ಕಿಸಿ ಕನೆಕ್ಟರಿನ ಹಿಂಭಾಗದಿಂದ ಅರ್ಥ್ ವೈರಿನ ಪಕ್ಕಕ್ಕೆ ತೂರಿಸಿದೆ. ಅರ್ಥ್ ವೈರ್ ಅಂದರೆ ಬ್ಯಾಟರಿ ಮೈನಸ್‌ನ ಮುಂದುವರಿಕೆ ಅಷ್ಟೇ. ಮೋಟರ್ ಓಡುವಾಗ ಎರಡರ ನಡುವೆ ಹೆಚ್ಚೆಂದರೆ 0.1 ಅಥವಾ 0.2 ವೋಲ್ಟ್ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ದಾರಿಯಲ್ಲಿ ಯಾರೋ ವೋಲ್ಟೇಜ್ ತಿನ್ನುತ್ತಿದ್ದಾರೆ ಅಂತ ಅರ್ಥ.

ವೈಪರ್ ಹಾಕಿದ ಕೂಡಲೇ 0.9.

ಆರನೇ ನಿಮಿಷಕ್ಕೆ 1.7. ಮಗಳು "ಕೈ ನೋಯ್ತಿದೆ" ಅಂದಳು. ಹನ್ನೆರಡನೇ ನಿಮಿಷಕ್ಕೆ 2.4. ಬ್ಲೇಡ್ ನಿಧಾನವಾಗಿದ್ದು ಕಣ್ಣಿಗೇ ಕಾಣುತ್ತಿತ್ತು. 17ನೇ ನಿಮಿಷ, 3.1, ಮೀಟರಿನ ಅಂಕಿ ನಡುಗುತ್ತಿತ್ತು. ಬ್ಲೇಡ್ ಅರ್ಧಕ್ಕೆ ಏರಿತು. ನಿಂತಿತು. ಮೀಟರ್ 13.8 ತೋರಿಸಿತು.

ಆ 13.8 ನೋಡಿ ನಾನು ಕೂಗಿದ ರೀತಿಗೆ ಹೆಂಡತಿ ಒಳಗಿನಿಂದ ಓಡಿ ಬಂದಳು. ಬ್ಯಾಟರಿಯ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿ ಮೋಟರನ್ನು ದಾಟಿ ಈಚೆ ಬಂದು, ಮುಂದೆ ಹೋಗೋಕೆ ದಾರಿಯಿಲ್ಲದೆ ನಿಂತಿದೆ. ಅರ್ಥ್ ಪೂರ್ತಿ ಕಳಚಿಕೊಂಡಿದೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಖುಷಿಯಲ್ಲಿ ಸ್ವಿಚ್ ಆಫ್ ಮಾಡುವುದು ಮರೆತು ಆರ್ಮ್ ಮೇಲೆ ಕೈ ಇಟ್ಟೆ. ವೈರ್ ಅಲ್ಲಾಡಿತೋ ಏನೋ, ಬ್ಲೇಡ್ ಛಟ್ ಅಂತ ಬಂದು ಬೆರಳಿಗೆ ಹೊಡೆಯಿತು. ಎರಡು ದಿನ ಊದಿಕೊಂಡಿತ್ತು. ನಿಂತ ವೈಪರನ್ನು ಸ್ವಿಚ್ ಆನ್ ಇರುವಾಗ ಮುಟ್ಟಬೇಡಿ. ಅದಕ್ಕೆ ಲಿಂಕೇಜಿನ ಬಲ ಇರುತ್ತದೆ, ಬೆರಳು ಅದಕ್ಕೆ ಲೆಕ್ಕಕ್ಕಿಲ್ಲ.

ಜಾಲರಿಯ ಕೆಳಗೆ

ಗಾಜಿನ ಬುಡದಲ್ಲಿ ಕರಿ ಪ್ಲಾಸ್ಟಿಕ್ ಜಾಲರಿ ಇರುತ್ತದಲ್ಲ, ಕೌಲ್ ಅಂತಾರೆ. ಮೋಟರ್, ಲಿಂಕೇಜ್, ಆ ಅರ್ಥ್ ಬೋಲ್ಟ್ ಎಲ್ಲ ಅದರ ಕೆಳಗೆ. ಬಿಚ್ಚುವ ಮೊದಲು ಬ್ಲೇಡ್ ಎಲ್ಲಿ ಮಲಗುತ್ತದೆ ಅಂತ ಗಾಜಿಗೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡೆ. ಆರ್ಮ್ ತೆಗೆದು ಮತ್ತೆ ಹಾಕುವಾಗ ಒಂದು ಹಲ್ಲು ತಪ್ಪಿದರೂ ಬ್ಲೇಡ್ ಗಾಜು ಬಿಟ್ಟು ಪಕ್ಕದ ಕಂಬಕ್ಕೆ ಬಡಿಯುತ್ತದೆ. ಬ್ಯಾಟರಿ ಮೈನಸ್ ಕಳಚಿದೆ. ಜಾಲರಿಯ ಕ್ಲಿಪ್ ಎರಡು ಮುರಿದವು, ಹನ್ನೊಂದು ವರ್ಷದ ಬಿಸಿಲಿಗೆ ಬಿಸ್ಕತ್ತಿನಂತಾಗಿದ್ದವು.

ಜಾಲರಿ ಎತ್ತಿದರೆ ಕೆಳಗೆ ಒಂದು ಪುಟ್ಟ ಕೆರೆ.

ಗುಲ್‌ಮೊಹರ್ ಎಲೆ ನೋಡಿದ್ದೀರಲ್ಲ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಬೇವಿನೆಲೆ ಆಗಿದ್ದರೆ ಜಾಲರಿಯ ಮೇಲೇ ನಿಲ್ಲುತ್ತಿತ್ತು. ಇದು ಸಂದಿಯಿಂದ ಸಲೀಸಾಗಿ ಇಳಿದಿದೆ. ಐದು ವರ್ಷದ ಎಲೆ, ಅದರ ಮೇಲೆ ನಮ್ಮ ಕೆಂಪು ಧೂಳು, ಮೇಲೆ ಮಳೆ. ಮೂಲೆಯಲ್ಲಿ ನೀರು ಇಳಿದುಹೋಗುವ ತೂತಿನಲ್ಲಿ ಕರಿ ಗೊಬ್ಬರ ಗಟ್ಟಿಯಾಗಿ ಕೂತಿತ್ತು. ಬೆರಳು ಹಾಕಿ ಎಳೆದರೆ ಒಂದು ಬೊಗಸೆ ಬಂತು. ಅದರಲ್ಲಿ ಒಂದು ಎರೆಹುಳ ಸಹ ಇತ್ತು, ಜೀವಂತ. ಗೊಳಗೊಳ ಅಂತ ನೀರು ಇಳಿಯಿತು.

ನೀರು ಇಳಿದ ಮೇಲೆ ಎಡ ಬದಿಯ ತಗಡಿನಲ್ಲಿ ಅರ್ಥ್ ಬೋಲ್ಟ್ ಕಾಣಿಸಿತು. 10 ನಂಬರ್ ಪಾನಾ ಹಿಡಿಯುವ ಸಣ್ಣ ಬೋಲ್ಟ್, ಅದರ ಕೆಳಗೆ ಉಂಗುರದಂಥ ಲಗ್, ಲಗ್‌ಗೆ ಕಪ್ಪು ವೈರ್. ಮೇಲಿನಿಂದ ನೋಡಿದರೆ ಏನೂ ತಪ್ಪಿಲ್ಲ. ಬಿಗಿಯಾಗಿಯೂ ಇತ್ತು. ಬಿಚ್ಚಿ ಲಗ್ ತಿರುಗಿಸಿದರೆ ಕೆಳಗೆ ಬಿಳಿ-ಹಸಿರು ಪುಡಿ, ತಗಡಿನ ಮೇಲೆ ಕಂದು ತುಕ್ಕಿನ ಉಂಗುರ. ಮೂರು ಕಡೆ ಮಾತ್ರ ಸಾಸಿವೆಯಷ್ಟು ಹೊಳಪು ಉಳಿದಿತ್ತು. ಅಷ್ಟರಿಂದಲೇ ಕರೆಂಟ್ ಹೋಗುತ್ತಿತ್ತು. ವೈರಿನ ಮೇಲಿನ ಪ್ಲಾಸ್ಟಿಕ್ ಸೀಳಿದೆ. ಲಗ್ ಹತ್ತಿರದ ತಾಮ್ರ ತಾಮ್ರದ ಬಣ್ಣದಲ್ಲೇ ಇರಲಿಲ್ಲ, ಪಾಚಿ ಕಟ್ಟಿದ ಕಲ್ಲಿನ ಹಾಗಿತ್ತು. ಉಗುರಿನಿಂದ ಕೆರೆದರೆ ಎಳೆಗಳು ಪುಡಿಯಾದವು.

ಗುಂಡಿಯ ರಹಸ್ಯ ಇಲ್ಲಿ ಬಿಚ್ಚಿಕೊಂಡಿತು. ಕೆಟ್ಟ ಜೋಡಣೆಯಲ್ಲಿ ಕರೆಂಟ್ ಹೋದರೆ ಅದು ಬಿಸಿಯಾಗುತ್ತದೆ. 3.1 ವೋಲ್ಟ್, ಸುಮಾರು 6 ಆಂಪಿಯರ್, ಅಂದರೆ 18-19 ವ್ಯಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್ ಹಚ್ಚಿಟ್ಟಷ್ಟು ಶಾಖ, ಒಂದು ಕಡಲೆಕಾಳಿನಷ್ಟು ಜಾಗದಲ್ಲಿ. ಬಿಸಿಯಾದಷ್ಟೂ ಜೋಡಣೆ ಇನ್ನೂ ಕೆಡುತ್ತದೆ, ಕೊನೆಗೆ ಬಿಡುತ್ತದೆ. ಹತ್ತು ನಿಮಿಷ ಆರಿದರೆ, ಅಥವಾ ಒಂದು ಧಕ್ಕೆ ಬಿದ್ದರೆ, ಪುಡಿ ಸರಿದು ಲೋಹ ಲೋಹಕ್ಕೆ ತಾಗುತ್ತದೆ. ಮೂರು ರಿಪೇರಿಗಳ ಪೈಕಿ ಮೋಟರಿನದ್ದೂ ಹೀಗೆಯೇ. ಮೋಟರ್ ಬದಲಿಸುವಾಗ ಈ ವೈರನ್ನು ಎಳೆದಾಡಿದ್ದಾರೆ, ಒಂಬತ್ತು ದಿನ ಬಂತು. ಫ್ಯೂಸ್ ಮತ್ತು ಸ್ವಿಚ್ ಬದಲಿಸಿದ ಮೇಲೆ ಬಂದ ನಾಲ್ಕು, ಆರು ದಿನ ಏನು ಅಂತ ಹಳೇ ಕ್ಯಾಲೆಂಡರ್ ತಿರುವಿ ನೋಡಿದೆ. ಆ ದಿನಗಳಲ್ಲಿ ಬರೀ ತುಂತುರು ಅಂತ ಹೆಂಡತಿ ಗುರುತು ಹಾಕಿದ್ದಳು, ಬಟ್ಟೆ ಒಣಗುವ ಲೆಕ್ಕಕ್ಕೆ. ವೈಪರ್ ಒಂದೇ ಸಮ ಹದಿನೈದು ನಿಮಿಷ ಓಡಿಯೇ ಇರಲಿಲ್ಲ.

ರಿಪೇರಿ ಅಂತ ಮಾಡಿದ್ದು ಸರಳ. ಹೊಳೆಯುವ ತಾಮ್ರ ಸಿಗುವ ತನಕ ವೈರ್ ಕತ್ತರಿಸಿದೆ, ನಾಲ್ಕು ಸೆಂಟಿಮೀಟರ್ ಹೋಯಿತು. ಅದಕ್ಕೆ ಹೊಸ ತುಂಡು ಸೇರಿಸಿ ಹೊಸ ಲಗ್ ಒತ್ತಿಸಿದೆ, ಮೇಲೆ ಹೀಟ್‌ಶ್ರಿಂಕ್ ತೋಳು, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವಂಥದ್ದು. ತಗಡನ್ನು ಮರಳು ಕಾಗದದಿಂದ ಬೆಳ್ಳಗಾಗುವ ತನಕ ಉಜ್ಜಿದೆ. ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಮೊದಲೇ ಬಳಿದು ಬಿಗಿಯುವವರೂ ಇದ್ದಾರೆ. ನನಗೆ ಲೋಹದ ನಡುವೆ ಬೇರೇನೂ ಇರುವುದು ಇಷ್ಟವಿಲ್ಲ. ಮೀಟರ್ ಇಟ್ಟರೆ 0.06 ವೋಲ್ಟ್.

ಮುಗಿಯಿತು ಅಂದುಕೊಂಡಾಗ

ಒಂದು ವಿಷಯ ಮಾತ್ರ ಕೂಡಿ ಬರಲಿಲ್ಲ. ವೈಪರ್ ಈಗ ನಿಲ್ಲುತ್ತಿರಲಿಲ್ಲ, ಆದರೆ ಲೋ ಸ್ಪೀಡಿನಲ್ಲಿ ನಿಮಿಷಕ್ಕೆ 33 ಸಲ ಮಾತ್ರ ಹೋಗಿ ಬರುತ್ತಿತ್ತು. ಪಕ್ಕದ ಮನೆಯವರದ್ದೂ ಇದೇ ಮಾಡೆಲ್. ಅವರನ್ನು ಕೇಳಿಕೊಂಡು, ನೀರು ಹಾಕಿ, ವಾಚ್ ಹಿಡಿದು ಎಣಿಸಿದೆ. 43.

ಶಾಪ್‌ನಿಂದ ಡಿಸಿ ಕ್ಲ್ಯಾಂಪ್ ಮೀಟರ್ ತಂದೆ, ವೈರನ್ನು ಕತ್ತರಿಸದೆ ಸುತ್ತಿ ಹಿಡಿದು ಕರೆಂಟ್ ಅಳೆಯುವಂಥದ್ದು. ಸಾಮಾನ್ಯ ಕ್ಲ್ಯಾಂಪ್ ಮೀಟರ್ ಎಸಿ ಮಾತ್ರ ಓದುತ್ತದೆ, ಕಾರಿಗೆ ಆಗುವುದಿಲ್ಲ. ನನ್ನ ಗಾಡಿ 6.2 ಆಂಪಿಯರ್ ಎಳೆಯುತ್ತಿತ್ತು, ಪಕ್ಕದವರದ್ದು 3.6. ಮೋಟರ್ ಹೊಸದು, ವೋಲ್ಟೇಜ್ ಸರಿ ಇದೆ. ಹಾಗಾದರೆ ಮೋಟರ್ ಯಾವುದೋ ಬಿಗಿಯನ್ನು ತಳ್ಳುತ್ತಿದೆ. ಲಿಂಕೇಜನ್ನು ಮೋಟರಿನಿಂದ ಬಿಡಿಸಿ ಎರಡೂ ಕಡೆಯ ತಿರುಗಣೆ ಕೈಯಲ್ಲಿ ಆಡಿಸಿದೆ. ಡ್ರೈವರ್ ಕಡೆಯದು ಎರಡು ಬೆರಳಿಗೆ ತಿರುಗಿತು. ಎಡಗಡೆಯದಕ್ಕೆ ಪಕ್ಕಡ ಬೇಕಾಯಿತು, ಕರ್ ಕರ್ ಅಂತ ಸದ್ದು ಬೇರೆ. ನೀರು ನಿಲ್ಲುತ್ತಿದ್ದದ್ದೂ ಅದೇ ಬದಿಯಲ್ಲಿ.

ಶಾಫ್ಟ್ ಹೊರಗೆ ತೆಗೆದರೆ ಒಣ ತುಕ್ಕು, ಹಳೇ ಗ್ರೀಸ್ ಮೇಣದಂತಾಗಿತ್ತು. ಇದು ನನ್ನ ಕಸುಬಿನ ಕೆಲಸ, ಅರ್ಧ ಗಂಟೆಯಲ್ಲಿ ಮುಗಿಯಿತು. ಸಣ್ಣ ಎಮರಿ ಕಾಗದ, ಸೀಮೆಎಣ್ಣೆ, ಹೊಸ ಗ್ರೀಸ್. ಆಮೇಲೆ 3.7 ಆಂಪಿಯರ್, ನಿಮಿಷಕ್ಕೆ 43 ಸಲ.

ಹೀಗೆ ಎರಡು ಸಣ್ಣ ದೋಷ ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿದ್ದವು. ಬಿಗಿಯಾದ ಶಾಫ್ಟಿನಿಂದ ಕರೆಂಟ್ ಜಾಸ್ತಿ ಹೋಯಿತು. ಕರೆಂಟ್ ಜಾಸ್ತಿ ಹೋದದ್ದಕ್ಕೆ ಕೊಳೆತ ಅರ್ಥ್ ಬೇಗ ಬಿಸಿಯಾಯಿತು. ಶಾಫ್ಟ್ ಸಡಿಲವಿದ್ದಿದ್ದರೆ ಆ ಅರ್ಥ್ ಇನ್ನೊಂದು ಮಳೆಗಾಲ ದೂಡುತ್ತಿತ್ತೋ ಏನೋ. ಎರಡಕ್ಕೂ ಮೂಲ ಆ ಒಂದು ಬೊಗಸೆ ಎಲೆಗೊಬ್ಬರ.

ಅಂದಹಾಗೆ, ತಡೆದು ತಡೆದು ಓಡುವ ವೈಪರನ್ನು ಬೇಕಂತಲೇ ಕಂಡುಹಿಡಿದವರೂ ಇದ್ದಾರೆ. ಅಮೆರಿಕದ ರಾಬರ್ಟ್ ಕರ್ನ್ಸ್ ಅನ್ನುವ ಇಂಜಿನಿಯರ್ 1960ರ ದಶಕದಲ್ಲಿ, ಕಣ್ಣಿನ ರೆಪ್ಪೆ ಬಿಟ್ಟು ಬಿಟ್ಟು ಬಡಿಯುವುದನ್ನು ನೋಡಿ, ತುಂತುರು ಮಳೆಗೆ ವೈಪರ್ ಹಾಗೇ ಓಡಲಿ ಅಂತ ಸರ್ಕ್ಯೂಟ್ ಮಾಡಿದರು. ಆಮೇಲೆ ಅದರ ಹಕ್ಕಿಗಾಗಿ ದೊಡ್ಡ ಕಾರ್ ಕಂಪನಿಗಳ ಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಮಗಳಿಗೆ ಈ ಕಥೆ ಹೇಳಿದೆ. "ನಮ್ಮ ಕಾರ್ ಪುಕ್ಕಟೆಯಾಗಿ ಮಾಡ್ತಿತ್ತು" ಅಂದಳು.

ಈಗ

ಲಗ್, ಹೀಟ್‌ಶ್ರಿಂಕ್, ವಾಷರ್, ಗ್ರೀಸ್, ಎರಡು ಪ್ಲಾಸ್ಟಿಕ್ ಕ್ಲಿಪ್ ಸೇರಿ 140 ರೂಪಾಯಿ ಖರ್ಚು. ಆಗಸ್ಟಿನಲ್ಲಿ ಮತ್ತೆ ಚೋರ್ಲಾ ದಾರಿ ಹಿಡಿದೆವು. ಪೀರನವಾಡಿ ದಾಟುವಾಗ ಹಾಕಿದ ವೈಪರನ್ನು ಗೋವಾದ ಸಾಖಳಿ ತನಕ ಆಫ್ ಮಾಡಲಿಲ್ಲ. ಗುಂಡಿಗಳು ಇದ್ದವು, ಬೇಕಾಗಲಿಲ್ಲ. ಕುಂದಾ ಪಣಜಿ ತಲುಪಿತು.

ಗಿಡ ಅಲ್ಲೇ ಇದೆ. ಕಾರ್ ನಿಲ್ಲಿಸೋಕೆ ಬೇರೆ ಜಾಗವಿಲ್ಲ. ಮೇ ಕೊನೆಯ ವಾರ ಒಮ್ಮೆ ಜಾಲರಿಯ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದು, ಮುಂದಿನ ಚಕ್ರದ ಹಿಂದೆ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡುತ್ತೇನೆ. ಬೇಗ ಇಳಿದರೆ ಸುಮ್ನೆ ಬಿಡುತ್ತೇನೆ.

ಗ್ಯಾರೇಜಿನವರು ವಾಪಸ್ ಕೊಟ್ಟಿದ್ದ ಹಳೇ ಮೋಟರ್ ಅಟ್ಟದ ಮೇಲಿತ್ತು. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಸಿಕ್ಕಿತು. ಗುಜರಿಗೆ ಹಾಕುವ ಮೊದಲು ಒಂದು ಕೈ ನೋಡೋಣ ಅಂತ ಬ್ಯಾಟರಿಗೆ ಹಿಡಿದೆ. ಸದ್ದಿಲ್ಲದೆ ತಿರುಗಿತು, ಲೋ ಮತ್ತು ಹೈ ಎರಡರಲ್ಲೂ. ಡಬ್ಬಿಯ ಮೇಲೆ ಮಾರ್ಕರಿನಲ್ಲಿ "ಚಲೋ ಐತಿ" ಅಂತ ಬರೆದು ಮತ್ತೆ ಅಟ್ಟಕ್ಕೇ ಇಟ್ಟೆ.